‘ಎಲ್ಲರಿಗೂ ಸ್ವಾಗತ’ ಎನ್ನುವ ವೆಬಿನಾರ್‌ಗೆ ಅಂಗವಿಕಲ ವಿದ್ಯಾರ್ಥಿ ಬರುವುದು ಹೇಗೆ?

ವೆಬಿನಾರ್ ಆಹ್ವಾನ ಪತ್ರಿಕೆ ಹೇಗಿರುತ್ತದೆ ಅಂತ ಕಾಲೇಜಿನ ಕಡೆ ಓಡಾಡುವ ಎಲ್ಲರಿಗೂ ಗೊತ್ತು. ಮೇಲೆ ಕಾಲೇಜಿನ ಲಾಂಛನ, ಕೆಳಗೆ ದಪ್ಪಕ್ಷರದಲ್ಲಿ ವಿಷಯ, ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಸಂಪನ್ಮೂಲ ವ್ಯಕ್ತಿಗಳ ದುಂಡನೆಯ ಫೋಟೋಗಳು. ಕೊನೆಯಲ್ಲಿ ಸಣ್ಣ ಅಕ್ಷರದ ಲಿಂಕು, ಪಾಸ್‌ಕೋಡು, ಪಕ್ಕದಲ್ಲೊಂದು ಕ್ಯೂಆರ್ ಕೋಡು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಈ ಚಿತ್ರ ಹಿಂದಿನ ದಿನ ರಾತ್ರಿ ವಿಭಾಗದ ವಾಟ್ಸ್ಆ್ಯಪ್ ಗ್ರೂಪಿಗೆ ಬಂದು ಬೀಳುತ್ತದೆ. ಎಲ್ಲರಿಗೂ ಆದರದ ಸ್ವಾಗತ.

ಕಣ್ಣು ಕಾಣದ ವಿದ್ಯಾರ್ಥಿಯ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಆನ್ ಆಗಿರುತ್ತದೆ. ಪರದೆಯ ಮೇಲೆ ಬೆರಳಿಟ್ಟ ಕಡೆ ಇರುವ ಅಕ್ಷರವನ್ನು ಅದು ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ. ಆದರೆ ಈ ಆಹ್ವಾನದ ಮೇಲೆ ಬೆರಳಿಟ್ಟರೆ ಕೇಳುವುದು ಕಳಿಸಿದವರ ಹೆಸರು, ‘ಫೋಟೋ’ ಎಂಬ ಒಂದು ಪದ, ಮತ್ತೆ ಸಮಯ. ವಿಷಯ ಏನು, ಎಷ್ಟು ಗಂಟೆಗೆ, ಲಿಂಕ್ ಎಲ್ಲಿದೆ, ಯಾವುದೂ ಇಲ್ಲ. ‘ಸರ್, ಇದರಾಗ ಏನೈತ್ರಿ?’ ಅಂತ ಗ್ರೂಪಿನಲ್ಲಿ ಕೇಳಬೇಕು. ಒಂದೆರಡು ಸಲ ಕೇಳುತ್ತಾರೆ. ಆಮೇಲೆ ಸಂಕೋಚ ಆಗುತ್ತದೆ, ಸುಮ್ಮನಾಗುತ್ತಾರೆ. ಅವರು ಬರಲಿಲ್ಲ ಎನ್ನುವುದು ಸಂಘಟಕರ ಗಮನಕ್ಕೂ ಬರುವುದಿಲ್ಲ.

ಅಂಗವಿಕಲರ ವಿಷಯ ಬಂದಾಗಲೆಲ್ಲ ‘ಅಂಥವರು ಬಂದರೆ ಖಂಡಿತ ವ್ಯವಸ್ಥೆ ಮಾಡ್ತೀವಿ’ ಎನ್ನುವ ಮಾತು ಕೇಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅವರು ಬರಬಲ್ಲರೋ ಇಲ್ಲವೋ ಎನ್ನುವುದು ಕಾರ್ಯಕ್ರಮದ ದಿನ ತೀರ್ಮಾನ ಆಗುವುದಲ್ಲ. ಆಹ್ವಾನ ತಯಾರಾಗುವ ಹೊತ್ತಿಗೇ ಅದು ತೀರ್ಮಾನ ಆಗಿಬಿಟ್ಟಿರುತ್ತದೆ. ಅದಕ್ಕೇ ಈ ಲೇಖನದ ಹೆಚ್ಚಿನ ಭಾಗ ತಯಾರಿಯ ಕುರಿತೇ ಇದೆ.

ಬಳ್ಳಾರಿ, ರಾಯಚೂರು, ಕೊಪ್ಪಳ: ನಮ್ಮ ಜಿಲ್ಲೆಗಳಿಗೆ ಇದು ಯಾಕೆ ಮುಖ್ಯ

ಮೊದಲು ದೂರದ ಮಾತು. ಕರ್ನಾಟಕದಲ್ಲಿ ಅಂಗವಿಕಲರ ರಿಯಾಯಿತಿ ಬಸ್ ಪಾಸ್ ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಕೊಪ್ಪಳದ ವಿದ್ಯಾರ್ಥಿಗೆ ಧಾರವಾಡ ಆ ಗೆರೆಯ ಆಚೆ. ರಾಯಚೂರಿನವರಿಗೆ ಕಲಬುರಗಿಯೂ ಆಚೆ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ವಿಚಾರ ಸಂಕಿರಣಗಳು ಜಾಸ್ತಿ ನಡೆಯುವುದು ಧಾರವಾಡ, ಮೈಸೂರು, ಬೆಂಗಳೂರುಗಳಲ್ಲೇ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಬಹುದು, ನಿಜ. ಆದರೆ ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಜೊತೆಗೊಬ್ಬರು ಬೇಕು. ಇಬ್ಬರ ಖರ್ಚು, ಉಳಿಯಲು ಬಚ್ಚಲಿನ ಬಾಗಿಲು ಅಗಲವಾಗಿರುವ ರೂಮು, ಆಮೇಲೆ ಸಭಾಂಗಣ ಎರಡನೇ ಮಹಡಿಯಲ್ಲಿ ಇರಬಾರದು ಎನ್ನುವ ಪ್ರಾರ್ಥನೆ. ಹತ್ತು ನಿಮಿಷದ ಪ್ರಬಂಧ ಮಂಡನೆಗೆ ಇಷ್ಟೆಲ್ಲ.

ಈಗ ಮೂರು ಜಿಲ್ಲೆಯಲ್ಲೂ ವಿಶ್ವವಿದ್ಯಾಲಯಗಳಿವೆ. ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಐಐಐಟಿ, ಯರಗೇರಾದಲ್ಲಿ ಸಾಮಾನ್ಯ ವಿಶ್ವವಿದ್ಯಾಲಯ. ಕೊಪ್ಪಳ ವಿಶ್ವವಿದ್ಯಾಲಯ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿದೆ. ಮೊದಲಿನ ಹಾಗೆ ಎಲ್ಲದಕ್ಕೂ ಕಲಬುರಗಿಗೆ ಓಡಬೇಕಿಲ್ಲ ಎನ್ನುವುದು ದೊಡ್ಡ ಅನುಕೂಲವೇ. ಆದರೂ ಕ್ಯಾಂಪಸ್‌ಗಳು ಊರಿನಿಂದ ಹೊರಗೆ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಬಸ್ಸಿಳಿದು ಊರುಗೋಲಿನ ಮೇಲೆ ನಡೆಯುವುದು ಒಂದು ದಿನದ ಶಕ್ತಿಯನ್ನೆಲ್ಲ ತಿನ್ನುತ್ತದೆ.

ಓದಿನ ಲೆಕ್ಕವೂ ಇಲ್ಲಿ ಬೇರೆಯೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ರಾಯಚೂರಿನದು ಶೇ 59.56. ಅದೇ ಜನಗಣತಿಯಲ್ಲಿ ದೇಶದ 2.68 ಕೋಟಿ ಅಂಗವಿಕಲರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇವೆರಡನ್ನೂ ಸೇರಿಸಿ ನೋಡಿದರೆ, ನಮ್ಮ ಕಡೆ ಎಂ.ಎ., ಪಿಎಚ್‌.ಡಿ.ವರೆಗೆ ಬಂದ ಅಂಗವಿಕಲ ವಿದ್ಯಾರ್ಥಿ ಎಷ್ಟು ಜರಡಿ ದಾಟಿ ಬಂದಿದ್ದಾರೆ ಅಂತ ಗೊತ್ತಾಗುತ್ತದೆ. ಅಷ್ಟು ದಾಟಿ ಬಂದವರನ್ನು ಒಂದು ಫೋಟೋ ಆಹ್ವಾನ ಹೊರಗಿಡುತ್ತದೆ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಕೊಪ್ಪಳಕ್ಕೆ ಹತ್ತಿರ. ಸ್ವತಃ ಕಣ್ಣು ಕಾಣದ ಪಂಡಿತ ಪುಟ್ಟರಾಜ ಗವಾಯಿಗಳು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದವರು. ಅಂಧರಿಗೆ ವಿದ್ವತ್ತು ಒಲಿಯುತ್ತದೆಯೇ ಎಂಬ ಅನುಮಾನ ಈ ಭಾಗದ ಜನಕ್ಕೆ ಇರಬೇಕಾದ ಕಾರಣವೇ ಇಲ್ಲ. ಆದರೆ ನಮ್ಮಲ್ಲಿ ಅಂಧರು ಎಂದರೆ ಸಂಗೀತ ಎಂಬ ಎಣಿಕೆ ಗಟ್ಟಿಯಾಗಿ ಕೂತಿದೆ. ಹಾಡುವವರಿಗೆ ವೇದಿಕೆ ಸಿಗುತ್ತದೆ. ಅರ್ಥಶಾಸ್ತ್ರದ ಪ್ರಬಂಧ ಓದುವವರಿಗೆ, ಇತಿಹಾಸದ ಮೇಲೆ ತಕರಾರು ಎತ್ತುವವರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಆನ್‌ಲೈನ್‌ನಲ್ಲಿ ಭಾಗವಹಿಸಲು ಬಿಡಿ ಅಂತ ಅಂಗವಿಕಲರು ಕೇಳಿದಾಗ ‘ಅದಕ್ಕೆ ನಿಯಮ ಇಲ್ಲ, ಸೌಕರ್ಯ ಇಲ್ಲ’ ಎನ್ನುತ್ತಿದ್ದ ಸಂಸ್ಥೆಗಳು ಕೆಲವೇ ವಾರಗಳಲ್ಲಿ ವೆಬಿನಾರ್ ಮೇಲೆ ವೆಬಿನಾರ್ ನಡೆಸಿದವು. ಪಿಎಚ್‌.ಡಿ. ಮೌಖಿಕ ಪರೀಕ್ಷೆಗಳೂ ವಿಡಿಯೋದಲ್ಲಿ ನಡೆದವು. ಎಲ್ಲರಿಗೂ ಬೇಕಾದಾಗ ಎಲ್ಲವೂ ಸಾಧ್ಯವಾಯಿತು. ಸೋಂಕು ಇಳಿದ ಮೇಲೆ ಬಹಳ ಕಡೆ ‘ಖುದ್ದು ಹಾಜರಿ ಕಡ್ಡಾಯ’ ಎಂಬ ಸಾಲು ವಾಪಸ್ ಬಂತು. ಆಗ ತೆರೆದಿದ್ದು ಅಂಗವಿಕಲರಿಗಾಗಿ ಅಲ್ಲವಾದ್ದರಿಂದ, ಮುಚ್ಚುವಾಗಲೂ ಅವರನ್ನು ಯಾರೂ ಕೇಳಲಿಲ್ಲ.

ಕಾನೂನು ಹೇಳುವುದೇನು

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಕಣ್ಣು, ಕಿವಿ, ಕೈಕಾಲುಗಳ ತೊಂದರೆ ಮಾತ್ರ ಅಲ್ಲ. ಆಟಿಸಂ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ತಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳೂ ಅದರಲ್ಲಿವೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲು. ವಿದ್ಯುನ್ಮಾನ ಮಾಧ್ಯಮದಲ್ಲಿ ಬರುವುದು ಎಲ್ಲರಿಗೂ ಸಿಗುವಂತಿರಬೇಕು, ಶೀರ್ಷಿಕೆ (ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುವುದು), ಸಂಜ್ಞಾ ಭಾಷೆ, ದೃಶ್ಯದ ವಿವರಣೆ ಇರಬೇಕು ಎಂದು 42ನೇ ಸೆಕ್ಷನ್ ಹೇಳುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಕೂಡ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಇವೆಲ್ಲ ಇದ್ದೂ ಆಗಬೇಕಾದ್ದು ಆಗದೆ ಇರುವುದಕ್ಕೆ ಒಂದು ಕಾರಣವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರ ತೀರ್ಪಿನಲ್ಲಿ ಹೇಳಿತು. ರಾಜೀವ್ ರತೂರಿ ಪ್ರಕರಣ ಅದು. ಕಾಯ್ದೆ ‘ಮಾಡಲೇಬೇಕು’ ಅನ್ನುತ್ತದೆ, ಆದರೆ ಅದರಡಿ ಮಾಡಿದ 2017ರ ನಿಯಮಗಳ 15ನೇ ನಿಯಮ ಬರೀ ಸಲಹೆಯ ಧಾಟಿಯಲ್ಲಿದೆ, ಹೀಗಾಗಿ ಅದು ಕಾಯ್ದೆಗೇ ವಿರುದ್ಧ ಎಂದಿತು ಕೋರ್ಟ್. ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು.

ನನ್ನ ಮಟ್ಟಿಗೆ ಆ ತೀರ್ಪಿನಲ್ಲಿ ಕಾಲೇಜುಗಳಿಗೆ ಅತಿ ಮುಖ್ಯವಾದದ್ದು ಇನ್ನೊಂದು. ಎರಡು ಕರ್ತವ್ಯಗಳನ್ನು ಅದು ಬೇರೆ ಬೇರೆ ಮಾಡಿ ತೋರಿಸುತ್ತದೆ. ಒಂದು, ಯಾರೂ ಕೇಳುವ ಮೊದಲೇ ಎಲ್ಲರಿಗಾಗಿ ಮಾಡಿಡಬೇಕಾದ್ದು. ಇನ್ನೊಂದು, ಒಬ್ಬ ವ್ಯಕ್ತಿಗೆ ಬೇಕಾದ ವಿಶೇಷ ಅನುಕೂಲವನ್ನು ಅವರು ಕೇಳಿದಾಗ ಮಾಡಿಕೊಡಬೇಕಾದ್ದು. ‘ಅಂಥವರು ಬಂದರೆ ನೋಡೋಣ’ ಎನ್ನುವವರು ಎರಡನೆಯದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಮೊದಲನೆಯದು ಇಲ್ಲದಿದ್ದರೆ ಎರಡನೆಯದರ ತನಕ ಯಾರೂ ಬಂದು ಮುಟ್ಟುವುದೇ ಇಲ್ಲ. ಆಹ್ವಾನವನ್ನೇ ಓದಲಾಗದವರು ಅನುಕೂಲ ಕೇಳುವುದು ಯಾವಾಗ?

2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ಇದನ್ನು ಆನ್‌ಲೈನ್ ಲೋಕಕ್ಕೂ ಚಾಚಿತು. ಬ್ಯಾಂಕಿನ ಕೆವೈಸಿ ಮಾಡಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನುತ್ತಾರಲ್ಲ, ಆಸಿಡ್ ದಾಳಿಗೆ ಒಳಗಾದವರು, ಅಂಧರು ಅದನ್ನು ಮಾಡಲಾಗದೆ ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆಗಳು ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು.

ಕನ್ನಡದ ಅಕ್ಷರವೇ ಅಡ್ಡ ನಿಂತಾಗ

ಆನ್‌ಲೈನ್ ಎಂದ ಕೂಡಲೇ ನಮ್ಮವರು ನೆಟ್‌ವರ್ಕ್ ಕಡೆ ಕೈ ತೋರಿಸುತ್ತಾರೆ. ನೆಟ್‌ವರ್ಕ್ ತೊಂದರೆ ಇರುವುದು ನಿಜ. ಕರೆಂಟ್ ಹೋಗುವುದೂ ನಿಜ. ಆದರೆ ಅಂಧ ವಿದ್ಯಾರ್ಥಿಗಳನ್ನು ತಡೆಯುವ ದೊಡ್ಡ ಅಡ್ಡಿ ನಾವೇ ತಯಾರಿಸುವ ಕನ್ನಡ ಫೈಲುಗಳಲ್ಲಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಂಗ್ಲಿಷಿನ ಮಾರ್ಗಸೂಚಿಗಳಲ್ಲಿ ಇದರ ಮಾತೇ ಇರುವುದಿಲ್ಲ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಒಂದು ಪ್ರಬಂಧ ತೆಗೆದುಕೊಳ್ಳಿ. ಕಣ್ಣಿಗೆ ‘ಕ’ ಎಂದೇ ಕಾಣುತ್ತದೆ. ಆದರೆ ಆ ಜಾಗದಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ಒಂದು ‘ಎ’. ಫಾಂಟು ಅವೆರಡಕ್ಕೂ ಕನ್ನಡದ ಆಕಾರ ಬರೆದು ನಮಗೆ ತೋರಿಸುತ್ತಿದೆ ಅಷ್ಟೇ. ಕಣ್ಣಿರುವವರಿಗೆ ಯಾವ ವ್ಯತ್ಯಾಸವೂ ಇಲ್ಲ. ಆದರೆ ಓದಿ ಹೇಳುವ ತಂತ್ರಾಂಶ ಆಕಾರ ನೋಡುವುದಿಲ್ಲ, ಒಳಗಿರುವ ಸಂಕೇತ ನೋಡುತ್ತದೆ. ಅದು ‘ಕನ್ನಡ’ ಎನ್ನುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಸರಸರ ಉದುರಿಸುತ್ತದೆ. ಇಪ್ಪತ್ತು ಪುಟದ ಪ್ರಬಂಧದಲ್ಲಿ ಒಂದು ಪದವೂ ಕಿವಿಗೆ ದಕ್ಕುವುದಿಲ್ಲ.

ಇನ್ನೂ ಯಾಕೆ ಈ ಫಾಂಟು ಬಳಸುತ್ತೇವೆ? ಮುದ್ರಣದ ಅಭ್ಯಾಸ. ಊರಿನ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸದ ತಂತ್ರಾಂಶ ಇನ್ನೂ ಓಡುತ್ತಿದೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡ್ ಎಂಬ ವ್ಯವಸ್ಥೆ ಕನ್ನಡದಲ್ಲಿ ಅದಕ್ಕೆ ಆಗಿಬರುವುದಿಲ್ಲ. ವಿಚಾರ ಸಂಕಿರಣದ ಸಂಪುಟ ಅಲ್ಲೇ ತಯಾರಾಗುವುದರಿಂದ ‘ಪ್ರಬಂಧಗಳನ್ನು ನುಡಿ ಫಾಂಟಿನಲ್ಲೇ ಕಳಿಸಿ’ ಎಂಬ ಸೂಚನೆ ಆಹ್ವಾನದಲ್ಲೇ ಬರುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಸಂಪುಟಕ್ಕೆ ಯಾವ ಫಾಂಟಾದರೂ ಇರಲಿ, ಓದುಗರ ಕೈಗೆ ಕೊಡುವ ಫೈಲು ಯೂನಿಕೋಡಿನಲ್ಲಿ ಇರಲಿ.

ಫೈಲು ಸರಿಯಿದೆಯೇ ಅಂತ ತಿಳಿಯಲು ತಂತ್ರಜ್ಞರು ಬೇಕಿಲ್ಲ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಕಲಸುಮೇಲೋಗರದ ಇಂಗ್ಲಿಷ್ ಬಂದರೆ ಅದು ಹಳೆಯ ಫಾಂಟು. ಸಾಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಕೆಲವೊಮ್ಮೆ ಯೂನಿಕೋಡ್ ಪಿಡಿಎಫ್‌ನಲ್ಲೂ ಒತ್ತಕ್ಷರಗಳು ಜಾಗ ಬಿಟ್ಟು ಓಡಾಡುತ್ತವೆ. ಹಾಗಾಗಿ ಪಿಡಿಎಫ್ ಜೊತೆ ವರ್ಡ್ ಫೈಲನ್ನೂ ಕೊಡುವುದು ವಾಸಿ.

ಸ್ಕ್ಯಾನ್ ಆದ ಹಳೆಯ ಪುಸ್ತಕಗಳನ್ನು ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶದ ಮೂಲಕ ಅಕ್ಷರವಾಗಿ ಬದಲಿಸಬಹುದು. ಕನ್ನಡಕ್ಕೂ ಅದು ಈಗ ಸಾಕಷ್ಟು ಚೆನ್ನಾಗಿ ಆಗುತ್ತದೆ, ಅಲ್ಲಲ್ಲಿ ತಿದ್ದಬೇಕು. ಕಾಪಿರೈಟ್ ಭಯವೂ ಬೇಡ. 2012ರ ತಿದ್ದುಪಡಿಯ ನಂತರ ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ಬದಲಿಸಲು ನಮ್ಮ ಕಾಪಿರೈಟ್ ಕಾಯ್ದೆ ಅವಕಾಶ ಕೊಟ್ಟಿದೆ. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಇಂಥ ಓದುಗರಿಗಾಗಿಯೇ ಇದೆ.

ಇನ್ನು ಆಹ್ವಾನಕ್ಕೆ ಬರೋಣ. ಚಿತ್ರ ಕಳಿಸಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಇಷ್ಟು ಟೈಪ್ ಮಾಡಿ: ವಿಷಯ, ದಿನ, ಸಮಯ, ಮಾತಾಡುವವರು, ಒತ್ತಿದರೆ ತೆರೆದುಕೊಳ್ಳುವ ಲಿಂಕು. ಆಮೇಲೆ ಹೀಗೆ ಎರಡು ಸಾಲು: ‘ಭಾಗವಹಿಸಲು ನಿಮಗೆ ಏನಾದರೂ ಅನುಕೂಲ ಬೇಕಿದ್ದರೆ ಇಂಥ ತಾರೀಕಿನೊಳಗೆ ಈ ನಂಬರಿಗೆ ತಿಳಿಸಿ. ಕನ್ನಡ ಶೀರ್ಷಿಕೆ ಇರುತ್ತದೆ, ಸ್ಲೈಡ್‌ಗಳನ್ನು ಹಿಂದಿನ ದಿನವೇ ಕಳಿಸುತ್ತೇವೆ, ರೆಕಾರ್ಡಿಂಗ್ ಸಿಗುತ್ತದೆ.’ ಏನು ಇದೆ ಅಂತ ಮೊದಲೇ ಹೇಳಿದರೆ ಕೇಳುವ ಸಂಕೋಚ ಅರ್ಧ ಕಮ್ಮಿ ಆಗುತ್ತದೆ. ಏನಾದರೂ ಒದಗಿಸಲು ಆಗುವುದಿಲ್ಲ ಎಂದಿದ್ದರೆ ಅದನ್ನೂ ಬರೆಯಿರಿ. ಬಂದು ಕೂತ ಮೇಲೆ ಗೊತ್ತಾಗುವುದಕ್ಕಿಂತ ಅದು ಮೇಲು.

ಮಾತಾಡುವವರು ಮಾಡಬೇಕಾದ್ದು

ಝೂಮ್‌ನಲ್ಲಾಗಲಿ ಮೀಟ್‌ನಲ್ಲಾಗಲಿ ಪರದೆ ಹಂಚಿಕೊಂಡರೆ ಆ ಕಡೆಗೆ ಹೋಗುವುದು ಚಿತ್ರ. ನಿಮ್ಮ ಸ್ಲೈಡ್ ಎಷ್ಟೇ ಚೊಕ್ಕ ಯೂನಿಕೋಡಿನಲ್ಲಿದ್ದರೂ ಅವರ ಫೋನು ಅದನ್ನು ಓದಲಾರದು. ಅದಕ್ಕೇ ಪಿಪಿಟಿಯನ್ನು ಮೊದಲೇ ಕಳಿಸಬೇಕು. ಅಷ್ಟೇ ಮುಖ್ಯವಾಗಿ, ತೋರಿಸಿದ್ದನ್ನು ಬಾಯಲ್ಲೂ ಹೇಳಬೇಕು.

ಒಂದು ಉದಾಹರಣೆ. ತುಂಗಭದ್ರಾ ಜಲಾಶಯದ ಹೂಳಿನ ಬಗ್ಗೆ ಉಪನ್ಯಾಸ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲಂತೂ ನಮ್ಮ ಕಡೆ ಈ ವಿಷಯಕ್ಕೆ ಕೇಳುಗರು ಜಾಸ್ತಿ. ಉಪನ್ಯಾಸಕರು ಗ್ರಾಫ್ ತೋರಿಸಿ, ‘ಇಲ್ಲಿ ನೋಡಿ, ಗೆರೆ ಹೆಂಗೆ ಇಳಿದಿದೆ, ಗೊತ್ತಾಗ್ತಿದೆ ಅಲ್ವಾ?’ ಅಂದು ಮುಂದೆ ಹೋಗುತ್ತಾರೆ. ಅದರ ಬದಲು, ‘ಗ್ರಾಫ್ ಜಲಾಶಯದ ಸಾಮರ್ಥ್ಯ ತೋರಿಸುತ್ತದೆ. 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ 133 ಟಿಎಂಸಿ ಅಡಿ ಇತ್ತು. ಈಗ ಸುಮಾರು 105ಕ್ಕೆ ಇಳಿದಿದೆ. ಕಳೆದುಕೊಂಡ ಜಾಗದಲ್ಲೆಲ್ಲ ಹೂಳು ಕೂತಿದೆ’ ಅಂದರೆ? ಹದಿನೈದು ಸೆಕೆಂಡು ಹಿಡಿಯುತ್ತದೆ. ಕಣ್ಣು ಕಾಣದವರಿಗೆ ಗ್ರಾಫ್ ಸಿಕ್ಕಿತು. ಸಣ್ಣ ಪರದೆಯ ಫೋನಿನಲ್ಲಿ ನೋಡುತ್ತಿರುವ ಸಿಂಧನೂರಿನ ಹುಡುಗಿಗೂ ಸಿಕ್ಕಿತು. ಡೇಟಾ ಉಳಿಸಲು ವಿಡಿಯೋ ಬಂದ್ ಮಾಡಿ ಬರೀ ಕೇಳುತ್ತಿರುವವರಿಗೂ ಸಿಕ್ಕಿತು. ಮಸ್ಕಿಯ ಅಶೋಕನ ಶಾಸನದ ಫೋಟೋ ಹಾಕಿದಾಗಲೂ ಅಷ್ಟೇ. ಬಂಡೆ ಹೇಗಿದೆ, ಬ್ರಾಹ್ಮಿ ಅಕ್ಷರ ಎಷ್ಟು ಸವೆದಿದೆ, ಅಶೋಕನ ಹೆಸರು ಎಲ್ಲಿ ಬರುತ್ತದೆ ಅಂತ ಹೇಳಿದರೆ ನೋಡುವವರೂ ಇನ್ನಷ್ಟು ಗಮನವಿಟ್ಟು ನೋಡುತ್ತಾರೆ.

ಚಾಟ್ ಬಾಕ್ಸ್ ಬಗ್ಗೆಯೂ ಒಂದು ಮಾತು. ಕಾರ್ಯಕ್ರಮ ಶುರುವಾದ ಕೂಡಲೇ ‘ನಮಸ್ತೆ ಸರ್’, ‘ಗುಡ್ ಮಾರ್ನಿಂಗ್ ಮೇಡಂ’, ಕೊನೆಯಲ್ಲಿ ‘ತುಂಬಾ ಚೆನ್ನಾಗಿತ್ತು ಸರ್’ ಎಂಬ ಸಂದೇಶಗಳ ಮಳೆ. ನಮ್ಮ ಮರ್ಯಾದೆಯ ರೂಢಿ ಅದು, ತಪ್ಪಲ್ಲ. ಆದರೆ ಓದಿ ಹೇಳುವ ತಂತ್ರಾಂಶ ಬಳಸುವವರ ಕಿವಿಗೆ ಅವು ಒಂದೊಂದೂ ಬಂದು ಬೀಳುತ್ತವೆ, ಅದೂ ಉಪನ್ಯಾಸಕರ ಮಾತಿನ ಮೇಲೆಯೇ. ನಲವತ್ತು ನಮಸ್ಕಾರಗಳ ನಡುವೆ ಉಪನ್ಯಾಸದ ಮೊದಲ ಐದು ನಿಮಿಷ ಮುಳುಗಿ ಹೋಗುತ್ತದೆ. ಚಾಟ್ ಅನ್ನು ಪ್ರಶ್ನೆಗಳಿಗೆ ಮಾತ್ರ ಇಡೋಣ ಅಂತ ನಿರೂಪಕರು ಶುರುವಿನಲ್ಲೇ ಹೇಳಿದರೆ ಸಾಕು. ಬಂದ ಪ್ರಶ್ನೆಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ. ಮಾತು ತೊದಲುವವರು, ಸೆರೆಬ್ರಲ್ ಪಾಲ್ಸಿಯಿಂದ ಉಚ್ಚಾರ ಸ್ಪಷ್ಟವಿಲ್ಲದವರು ಹೀಗೆ ಬರೆದು ಕೇಳಬಹುದು.

ಅವರೇ ಪ್ರಬಂಧ ಮಂಡಿಸುವವರಾದರೆ ಸಮಯ ಹೆಚ್ಚು ಕೊಡಬೇಕು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂಬ ನಿಯಮ ಈಗಾಗಲೇ ಇದೆ. ಅದೇ ವಿವೇಕವನ್ನು ಮಂಡನೆಗೂ ತರಲು ಯಾರ ಅನುಮತಿಯೂ ಬೇಕಿಲ್ಲ. ‘ಬೇಗ ಮುಗಿಸಿ, ಸಮಯ ಇಲ್ಲ’ ಎಂಬ ಚೀಟಿ ಅವರಿಗೆ ಹೋಗಬಾರದು.

‘ಕ್ಯಾಮೆರಾ ಆನ್ ಇದ್ದರೆ ಮಾತ್ರ ಸರ್ಟಿಫಿಕೇಟ್’ ಎಂಬ ಷರತ್ತನ್ನು ನಾನು ಒಪ್ಪುವುದಿಲ್ಲ. ಹಾಸಿಗೆಯ ಮೇಲೆ ಮಲಗಿಕೊಂಡೇ ಕೇಳುವವರಿದ್ದಾರೆ. ಎಲ್ಲರ ಕಣ್ಣು ತಮ್ಮ ಮುಖದ ಮೇಲಿದೆ ಎಂದರೆ ಒಂದು ಮಾತೂ ತಲೆಗೆ ಹೋಗದವರಿದ್ದಾರೆ. ಹಾಜರಿ ಬೇಕಾದರೆ ಉಪನ್ಯಾಸದ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಿ. ರೆಕಾರ್ಡಿಂಗ್ ಕೂಡ ಕೊಡಲೇಬೇಕು. ತಲಸ್ಸೇಮಿಯಾ ಇರುವ ವಿದ್ಯಾರ್ಥಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ ಹಾಕಿಸಲೇಬೇಕು. ಆಸ್ಪತ್ರೆಯ ದಿನ ಮತ್ತು ವೆಬಿನಾರ್ ದಿನ ಒಂದೇ ಆದರೆ ಅವರು ಆರಿಸಿಕೊಳ್ಳುವ ಮಾತೆಲ್ಲಿ?

ಕಿವಿ ಕೇಳದವರ ಪಾಲು

ಇಲ್ಲಿ ದಾರಿ ಅಷ್ಟು ಸಲೀಸಲ್ಲ. ಇಂಗ್ಲಿಷ್ ಉಪನ್ಯಾಸಕ್ಕೆ ಸ್ವಯಂಚಾಲಿತ ಶೀರ್ಷಿಕೆ ಚೆನ್ನಾಗಿಯೇ ಬರುತ್ತದೆ. ಕನ್ನಡದ್ದು ಇನ್ನೂ ಪಳಗಬೇಕು. ಅದರಲ್ಲೂ ನಮ್ಮ ಭಾಗದ ಮಾತಿನಲ್ಲಿ ಉರ್ದು, ತೆಲುಗು, ಇಂಗ್ಲಿಷ್ ಎಲ್ಲ ಬೆರೆತಿರುತ್ತವೆ. ಊರಿನ ಹೆಸರು, ವಚನಕಾರರ ಹೆಸರು, ಪಾರಿಭಾಷಿಕ ಪದ ಬಂದಲ್ಲಿ ಯಂತ್ರ ಏನೇನೋ ಬರೆಯುತ್ತದೆ.

ಸದ್ಯಕ್ಕೆ ನಂಬಬಹುದಾದ ಉಪಾಯ ಅಂದರೆ ಮನುಷ್ಯರೇ ಟೈಪ್ ಮಾಡುವುದು. ವೇಗವಾಗಿ ಕನ್ನಡ ಟೈಪ್ ಮಾಡುವ ಇಬ್ಬರು ವಿದ್ಯಾರ್ಥಿಗಳು ಸರದಿಯಂತೆ ಒಂದು ಗೂಗಲ್ ಡಾಕ್‌ನಲ್ಲಿ ಮಾತನ್ನು ಬರೆಯುತ್ತಾ ಹೋಗುವುದು. ಆ ಲಿಂಕನ್ನು ಎಲ್ಲರಿಗೂ ಕೊಡುವುದು. ಪದ ಪದವೂ ಬರದೇ ಇರಬಹುದು, ವಿಚಾರ ಬಿಟ್ಟುಹೋಗಬಾರದು. ಉಪನ್ಯಾಸಕರು ಬರಹದ ಪ್ರತಿ, ಬರುವ ಹೆಸರುಗಳ ಪಟ್ಟಿಯನ್ನು ಮೊದಲೇ ಕೊಟ್ಟರೆ ಟೈಪ್ ಮಾಡುವವರಿಗೆ ಬಹಳ ಹಗುರ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಉಪನ್ಯಾಸದ ಒಂದು ಕರಡೂ ಕೈಯಲ್ಲಿರುತ್ತದೆ. ಸಂಪುಟ ತರುವವರಿಗೆ ಅದು ನೇರವಾಗಿ ಬಳಕೆಗೆ ಬರುತ್ತದೆ. ಟೈಪ್ ಮಾಡಿದವರಿಗೆ ಸಂಭಾವನೆ ಕೊಡಬೇಕು, ಸೇವೆ ಅಂತ ಬಿಟ್ಟಿ ಮಾಡಿಸಬಾರದು.

ಎಲ್ಲ ಕಿವುಡರಿಗೂ ಶೀರ್ಷಿಕೆ ಸಾಕಾಗುವುದಿಲ್ಲ. ಹುಟ್ಟಿನಿಂದ ಸಂಜ್ಞಾ ಭಾಷೆಯಲ್ಲಿ ಬೆಳೆದವರಿಗೆ ಬರಹದ ಕನ್ನಡವೇ ಎರಡನೇ ಭಾಷೆ. ಭಾರತೀಯ ಸಂಜ್ಞಾ ಭಾಷೆಗೆ ಅದರದ್ದೇ ವ್ಯಾಕರಣವಿದೆ. ಕೇಂದ್ರ ಸರ್ಕಾರ 2015ರಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿತು. 2021ರಲ್ಲಿ ಹತ್ತು ಸಾವಿರ ಪದಗಳ ನಿಘಂಟು ಬಂತು. ಆದರೆ ಉನ್ನತ ಶಿಕ್ಷಣದ ವಿಷಯಗಳನ್ನು ತರ್ಜುಮೆ ಮಾಡಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಆನ್‌ಲೈನ್ ಇಲ್ಲಿ ನಿಜವಾಗಿ ನೆರವಿಗೆ ಬರುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತವರು ರಾಯಚೂರಿನ ಉಪನ್ಯಾಸಕ್ಕೆ ಸಂಜ್ಞೆ ಮಾಡಬಹುದು. ದೀರ್ಘ ಉಪನ್ಯಾಸಕ್ಕೆ ಇಬ್ಬರು ಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅವರ ವಿಡಿಯೋ ಎಲ್ಲರ ಪರದೆಯಲ್ಲೂ ದೊಡ್ಡದಾಗಿ ನಿಲ್ಲುವಂತೆ ಸ್ಪಾಟ್‌ಲೈಟ್ ಮಾಡಬೇಕು. ರೆಕಾರ್ಡಿಂಗ್‌ನಲ್ಲೂ ಅವರು ಕಾಣಬೇಕು. ಇದಕ್ಕೆ ದುಡ್ಡು ಬೇಕು, ಮರೆಮಾಚುವುದು ಬೇಡ. ಶಾಲು, ಹಾರ, ನೆನಪಿನ ಕಾಣಿಕೆ, ಫ್ಲೆಕ್ಸ್‌ಗಳಿಗೆ ಖರ್ಚಿನ ತಲೆಬರಹ ಇರುವ ಬಜೆಟ್‌ನಲ್ಲಿ ಇದಕ್ಕೂ ಒಂದು ತಲೆಬರಹ ಇರಬೇಕು ಎನ್ನುವುದಷ್ಟೇ ನನ್ನ ವಾದ.

ಕಾರ್ಯಕ್ರಮ ಮುಗಿದ ಮೇಲೆ

ವಿದ್ವತ್ತಿನ ಬದುಕು ಉಪನ್ಯಾಸದಲ್ಲಿ ಮಾತ್ರ ಇರುವುದಿಲ್ಲ. ಯಾವ ಗೈಡ್ ಹತ್ತಿರ ಸೀಟು ಖಾಲಿಯಿದೆ, ಯಾವ ಪತ್ರಿಕೆ ಪ್ರಬಂಧ ಕೇಳಿದೆ, ಅತಿಥಿ ಉಪನ್ಯಾಸಕರ ಹುದ್ದೆ ಎಲ್ಲಿ ಕರೆದಿದ್ದಾರೆ, ಇವೆಲ್ಲ ತಿಳಿಯುವುದು ಚಹಾ ಕುಡಿಯುವಾಗ. ಈಗ ಅದೆಲ್ಲ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಬಂದಿದೆ. ಅಲ್ಲಿ ಅಧಿಸೂಚನೆಯ ಫೋಟೋ ಬರುತ್ತದೆ, ಪತ್ರಿಕೆಯ ತುಣುಕಿನ ಫೋಟೋ ಬರುತ್ತದೆ, ಏಳು ನಿಮಿಷದ ಧ್ವನಿ ಸಂದೇಶ ಬರುತ್ತದೆ. ಒಂದು ಅಂಧರಿಗೆ ಸಿಗದು, ಇನ್ನೊಂದು ಕಿವುಡರಿಗೆ ಸಿಗದು. ಫೋಟೋ ಹಾಕಿದವರು ಕೆಳಗೆ ಎರಡು ಸಾಲು ಬರೆಯುವುದು, ಧ್ವನಿ ಸಂದೇಶಕ್ಕೆ ಸಾರಾಂಶ ಬರೆಯುವುದು ಗ್ರೂಪಿನ ರೂಢಿ ಆಗಬೇಕು. ಗ್ರೂಪ್ ಅಡ್ಮಿನ್ ಮನಸ್ಸು ಮಾಡಿದರೆ ಒಂದು ತಿಂಗಳಲ್ಲಿ ರೂಢಿ ಆಗುತ್ತದೆ.

ಸಭಾಂಗಣ, ಆನ್‌ಲೈನ್ ಎರಡರಲ್ಲೂ ಒಟ್ಟಿಗೆ ನಡೆಯುವ ಹೈಬ್ರಿಡ್ ಕಾರ್ಯಕ್ರಮಗಳಲ್ಲಿ ಇನ್ನೊಂದು ಬಗೆಯ ಅನ್ಯಾಯ ನಡೆಯುತ್ತದೆ. ಸಭಾಂಗಣದಲ್ಲಿ ಇರುವವರು ಎದ್ದು ನಿಂತು ಮೈಕ್ ಇಲ್ಲದೆ ಪ್ರಶ್ನೆ ಕೇಳುತ್ತಾರೆ, ಆನ್‌ಲೈನ್‌ನವರಿಗೆ ಉತ್ತರ ಮಾತ್ರ ಕೇಳುತ್ತದೆ. ಅವರ ಪ್ರಶ್ನೆಗಳು ಕೊನೆಗೆ, ‘ಸಮಯ ಆಯ್ತು’ ಎನ್ನುವ ಹೊತ್ತಿಗೆ ನೆನಪಾಗುತ್ತವೆ. ಮೊದಲ ಪ್ರಶ್ನೆ ಆನ್‌ಲೈನ್‌ನಿಂದ, ಆಮೇಲೆ ಸಭಾಂಗಣದಿಂದ ಎಂದು ನಿಯಮ ಮಾಡಿಕೊಂಡರೆ ಈ ತೊಂದರೆ ಬಹಳಷ್ಟು ಹೋಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಆನ್‌ಲೈನ್ ಸೌಲಭ್ಯ ಬಂತು ಅಂತ ರ‍್ಯಾಂಪ್ ಕಟ್ಟುವ ಕೆಲಸ ನಿಲ್ಲಬಾರದು. ‘ನೀವು ಮನೆಯಿಂದಲೇ ಸೇರಿಕೊಳ್ಳಿ, ನಿಮಗೇ ಆರಾಮ’ ಎಂಬ ಪ್ರೀತಿಯ ಮಾತು ‘ಇಲ್ಲಿಗೆ ಬರಬೇಡಿ’ ಎಂದಾಗಿ ಬಿಡಬಹುದು. ಬರಬೇಕೋ ಮನೆಯಲ್ಲಿ ಕೂತು ಕೇಳಬೇಕೋ ಎನ್ನುವುದು ಅವರ ಆಯ್ಕೆ. ಎರಡೂ ಬಾಗಿಲು ತೆರೆದಿದ್ದರೆ ಮಾತ್ರ ಅದಕ್ಕೆ ಆಯ್ಕೆ ಅನ್ನಬಹುದು.

ಕೇಳುವವರು ಯಾರು

ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು ಎಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಕಾಲೇಜಿನಲ್ಲಿ ಅದು ಎಲ್ಲಿದೆ ಅಂತ ಕೇಳಿ ನೋಡಿ. ಹಕ್ಕು ಕಸಿದಾಗ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ವಿಚಾರಣೆಯ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿಗೆ 10 ಸಾವಿರ ರೂಪಾಯಿವರೆಗೆ, ಆಮೇಲೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ಇದೆ.

ಆದರೆ ವಿದ್ಯಾರ್ಥಿಗಳು ದೂರು ಕೊಡುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಇಂಟರ್ನಲ್ ಮಾರ್ಕ್ಸ್ ಇರುತ್ತದೆ, ಗೈಡ್ ಸಹಿ ಬೇಕಿರುತ್ತದೆ, ಫೆಲೋಶಿಪ್ ಫೈಲು ಅದೇ ಕಚೇರಿಯಿಂದ ಮುಂದೆ ಹೋಗಬೇಕಿರುತ್ತದೆ. ‘ಹೇಳಿದ್ರ ನಮಗ ತೊಂದ್ರಿ ಆಗ್ತೈತ್ರಿ ಮೇಡಂ’ ಎನ್ನುವ ವಿದ್ಯಾರ್ಥಿನಿಗೆ ಧೈರ್ಯ ತಗೋ ಅಂತ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಈ ಕೆಲಸ ಕಾಯಂ ಹುದ್ದೆಯಲ್ಲಿರುವ ಅಧ್ಯಾಪಕರದು. ವಿಭಾಗದ ಸಭೆಯಲ್ಲಿ ಈ ವಿಷಯ ಎತ್ತಬೇಕಾದವರು, ಬಜೆಟ್‌ನಲ್ಲಿ ತಲೆಬರಹ ಸೇರಿಸಿ ಅಂತ ಪ್ರಾಂಶುಪಾಲರಿಗೆ, ಕುಲಸಚಿವರಿಗೆ ಪತ್ರ ಬರೆಯಬೇಕಾದವರು, ಸಂಪನ್ಮೂಲ ವ್ಯಕ್ತಿಯಾಗಿ ಕರೆದಾಗ ‘ಶೀರ್ಷಿಕೆ ಇದೆಯಾ? ಸ್ಲೈಡ್ ಯಾರಿಗೆ ಕಳಿಸಲಿ?’ ಅಂತ ಮೊದಲೇ ಕೇಳಬೇಕಾದವರು ನಾವು. ಹಾಗೆ ಕೇಳಿದರೆ ನಮ್ಮ ಸಂಬಳವೇನೂ ನಿಲ್ಲುವುದಿಲ್ಲ.